ಲಾಭ, ಎರಡು, ಮೂರು

ಬೈರಿದೇವರಕೊಪ್ಪ, ಹುಬ್ಬಳ್ಳಿ
೧೯ ಜೂನ್ ೨೦೦೫

ಚಿ. ಉಮಾಶ್ರೀಗೆ ಅಪ್ಪನ ಆಶೀರ್ವಾದ.

ನಾವಿಲ್ಲಿ ಇದ್ದ ಹಾಗೆ ಇದ್ದೇವೆ. ನೀನಲ್ಲಿ ಇದ್ದ ಹಾಗೆ ಇರಬೇಡ, ಹೊತ್ತಿಗೆ ಸರಿಯಾಗಿ ಊಟ ಮಾಡು. ಮಂಗಳೂರಿನ ಅನ್ನ ದಪ್ಪ ಎಂದು ಬರೆದಿದ್ದೀ. ದಪ್ಪಗಿದ್ದರೆ ಇನ್ನೆರಡು ಸಲ ಅಗಿ.

ಐ ಆಮ್ ಇನ್ ರಿಸೀಟ್ ಆಫ್ ಯುವರ್ ಪಾರ್ಸೆಲ್. ನೋಡು, ಧಾರವಾಡದಲ್ಲಿ ಬಿ.ಎ. ಎರಡನೇ ವರ್ಷದವರೆಗೆ ಕಲಿತ ಇಂಗ್ಲಿಷಿನಲ್ಲಿ ಕವಿತೆ, ನಾಟಕ ಎಲ್ಲ ಹೋಗಿ ಅರ್ಜಿ ಬರೆಯುವ ಇಂಗ್ಲಿಷ್ ಒಂದು ಉಳಿದಿದೆ. ನೀನು ಕಳಿಸಿದ ಸೀಡಿಗಳು ಒಡೆಯದೆ ಮುಟ್ಟಿವೆ. ಇವುಗಳೊಳಗಿನ ಸಾಫ್ಟ್‌ವೇರ್ ಬರೆದವರು ರೊಕ್ಕ ತೆಗೆದುಕೊಳ್ಳುವುದಿಲ್ಲ, ಒಳಗಿನ ಬರವಣಿಗೆಯನ್ನೂ ಯಾರು ಬೇಕಾದರೂ ತೆರೆದು ನೋಡಬಹುದು ಎಂದು ಅಕ್ಕನಿಗೆ ಚೀಟಿಯಲ್ಲಿ ಬರೆದು ತೋರಿಸಿದೆ. ನಿನ್ನ ಶರಣವ್ವತ್ತೆ ಗೊತ್ತಲ್ಲ, ಪುಕ್ಕಟೆ ಎಂದ ಕೂಡಲೇ ಮೂಸಿ ನೋಡುವವಳು. "ಪುಕಟ ಕೊಟ್ಟಾರಂದ್ರ ಒಳಗ ಏನರ ಕೊಳತಿರತೈತಿ. ಮಸಾಲಿ ಹೆಂಗ ಕುಟ್ಟೇವಿ ಅಂತ ಊರಿಗೆಲ್ಲಾ ಹೇಳಿದವರನ್ನ ಎಲ್ಯರ ಕಂಡೀಯೇನ?" ಎಂದಳು.

ಅದಕ್ಕೇ ಅದರ ಲೈಸೆನ್ಸ್ ಎಂಬುದನ್ನು ಡಿಕ್ಷನರಿ ಇಟ್ಟುಕೊಂಡು ಪೂರ್ತಿ ಓದಿದೆ. ಉಪಯೋಗಕ್ಕೆ ಬಂದೀತೆಂಬ ಆಸೆಯಿಂದ ಕೊಟ್ಟಿದ್ದೇವೆ, ಆದರೆ ಖಾತ್ರಿ ಏನೂ ಇಲ್ಲ ಎಂದು ಬರೆದಿದ್ದಾರೆ. ನನಗೆ ಬಹಳ ಸೇರಿತು. ನಮ್ಮ ಮಾರ್ಕೆಟ್ಟಿನ ಹರಾಜಿನ ಸವಾಲೂ ಹಾಗೆಯೇ. ಚೀಲ ಬಿಚ್ಚಿದೆ, ಮಾಲು ನೋಡಿಕೋ, ಕೂಗಿ ಮುಗಿದ ಮೇಲೆ ನನ್ನ ಕಡೆ ಬರಬೇಡ.

ನೀನು ಹೇಳಿದ ಕೆಲಸದಲ್ಲಿ ನನಗೆ ತಿಳಿದದ್ದು ಇಷ್ಟು. ಮನುಷ್ಯನ ಮಿದುಳಿನ ನರಗಳ ಹಾಗೆ ಲೆಕ್ಕದಲ್ಲೇ ಒಂದು ಜಾಲ ಹೆಣೆದಿದ್ದಾರೆ. ಮಂದಿಯ ಬಾಯಿಂದ ಸೊನ್ನೆಯಿಂದ ಒಂಬತ್ತರವರೆಗೆ ಅನ್ನಿಸಿ, ಇದು ಎರಡು, ಇದು ಮೂರು ಎಂದು ತಿಳಿಸುತ್ತ ಹೋದರೆ ಅದು ತಾನೇ ಕಲಿಯುತ್ತದೆ. ಕಾಲೇಜಿನ ಯಂತ್ರಗಳಲ್ಲಿ ನಿನ್ನ ಪಾಳಿ ಬರುವುದು ತಡ, ನಿನಗೆ ಬೇಕಾದದ್ದು ನಮ್ಮ ಕಡೆಯ ಮಾತು, ಮನೆಯಲ್ಲಿ ನಿನ್ನ ಹಳೆಯ ಕಂಪ್ಯೂಟರ್ ಅರಿವೆ ಹೊದ್ದು ಕೂತಿದೆ. ದೀಪಾವಳಿಯೊಳಗೆ ಪ್ರಬಂಧ ಕೊಡಬೇಕು. ಸರಿ, ಮಾಡೋಣ. ಟಿ.ವಿ. ರಿಪೇರಿಯ ಮೌಲಾಲಿ ಕೈ ಜೋಡಿಸುತ್ತಾನೆ.

ಆದರೆ ಪತ್ರದ ಕೊನೆಗೆ "ನಿಮ್ಮ ದನಿಯನ್ನೂ ಹಾಕಿರಿ" ಎಂದು ಸಣ್ಣ ಅಕ್ಷರದಲ್ಲಿ ಬರೆದಿದ್ದೀ. ಅದು ಆಗದು, ಉಮಾ. ಗಂಟಲಿನ ಗಂಟಿನ ಜೊತೆಗೆ ಡಾಕ್ಟರು ಅರ್ಧ ದನಿಯನ್ನೂ ಕೊಯ್ದು ತೆಗೆದ ಮೇಲೆ ಉಳಿದದ್ದು ತೂತು ಬಿದ್ದ ಸೈಕಲ್ ಟ್ಯೂಬಿನ ಸಪ್ಪಳ. ನಾನು ಮೆಣಸಿನಕಾಯಿ ಸವಾಲು ಕೂಗಿದರೆ ನಿನಗೆ ಸಾಲಿಯ ಅಂಗಳಕ್ಕೆ ಕೇಳುತ್ತಿತ್ತು. ನಿನ್ನ ಕಿವಿಯಲ್ಲಿ ಅದೇ ಇರಲಿ. ದವಾಖಾನೆಯಲ್ಲಿ ನಿನ್ನೆದುರು ಬಾಯಿ ತೆರೆಯಲಿಲ್ಲ, ಇನ್ನು ಯಂತ್ರದೆದುರು ತೆರೆಯುತ್ತೇನೆಯೇ? ರವಿವಾರ ನೀನು ಫೋನ್ ಮಾಡಿದಾಗ ರಿಸೀವರನ್ನು ಬೆರಳಿನಿಂದ ಬಡಿಯುತ್ತೇನಲ್ಲ, ಅದನ್ನೇ ಮಾತು ಅಂದುಕೋ.

ಯುವರ್ಸ್ ಒಬೀಡಿಯಂಟ್ಲಿ, ಅಲ್ಲ, ನಿನ್ನ ಅಪ್ಪ
ಮುರುಗೆಪ್ಪ


ಬೈರಿದೇವರಕೊಪ್ಪ
೧೦ ಜುಲೈ ೨೦೦೫

ಚಿ. ಉಮಾ,

ಆಶೀರ್ವಾದ. ಕೂತಿದೆ! ನಿನ್ನ ಜಾಲ ನಮ್ಮ ಮನೆಯಲ್ಲಿ ಕೂತಿದೆ. ಹೇಗೆ ಕೂತಿತು ಎಂಬುದನ್ನು ನೀನು ಕೇಳಲೇಬೇಕು.

ಮೊದಲಿಗೆ ನೀನು ಬರೆದುಕೊಟ್ಟ ಆಜ್ಞೆಯಲ್ಲಿದ್ದ ಆ ಓರೆ ಗೆರೆ. ಕೀಲಿಮಣೆಯ ಮೇಲೆ ಓರೆ ಗೆರೆಗಳು ಎರಡಿವೆ, ನಿನ್ನ ಕೈಬರಹದಲ್ಲಿ ಅದು ಕಂಬದಂತೆ ನೆಟ್ಟಗೆ ನಿಂತಿದೆ. ನಮ್ಮ ಟೇಬಲ್ಲಿನ ಮುಂದೆ ಕೂತರೆ ಎಡಕ್ಕೆ ಧಾರವಾಡ, ಬಲಕ್ಕೆ ಹುಬ್ಬಳ್ಳಿ. ಮೌಲಾಲಿ ಕೇಳಿದ, "ಅಣ್ಣಾರ, ಧಾರವಾಡದ ಕಡೆ ವಾಲಿದ್ದು ಹೊಡೀಲ್ಯೋ, ಹುಬ್ಬಳ್ಳಿ ಕಡೆ ವಾಲಿದ್ದು ಹೊಡೀಲ್ಯೋ?" ನಾನು ಇನ್ನೂ ಚೀಟಿ ಬರೆಯುತ್ತಿದ್ದೆ. ಅಷ್ಟರಲ್ಲಿ ಒಳಗಿನಿಂದ ಅಕ್ಕ, "ಧಾರವಾಡದ್ದ ಹೊಡಿಯೋ, ಅದು ಓದಿದ್ದಿರತೈತಿ" ಎಂದಳು. ಹೊಡೆದ. ಅಂಥ ಆಜ್ಞೆ ಸಿಗಲಿಲ್ಲ ಎಂದಿತು ಯಂತ್ರ. ಹುಬ್ಬಳ್ಳಿಯದು ಹೊಡೆದಾಗ ಮುಂದೆ ನಡೆಯಿತು. ಅಕ್ಕ ಆ ದಿನವೆಲ್ಲ ಮೌಲಾಲಿಗೆ ಚಹಾ ಕೊಡಲಿಲ್ಲ.

ಆಮೇಲೆ ಡಿಪೆಂಡೆನ್ಸಿ ಎಂಬ ಕಾಟ. ನಿನ್ನ ಜಾಲಕ್ಕೆ ಇನ್ನೊಂದು ಸಾಮಾನು ಬೇಕು, ಅದು ಸೀಡಿಯಲ್ಲಿಲ್ಲ. ಮೌಲಾಲಿ ಕಮರಿಪೇಟೆಯ ಇಂಟರ್ನೆಟ್ ಅಂಗಡಿಗೆ ಹೋಗಿ ಫ್ಲಾಪಿಯಲ್ಲಿ ತಂದ. ಅದು ತನಗೆ ಮತ್ತೊಂದು ಬೇಕೆಂದಿತು. ಆ ಮತ್ತೊಂದು, ಮಗದೊಂದನ್ನು ಕೇಳಿತು. "ಏನ್ ಅಣ್ಣಾರ ಇದು, ಒಬ್ಬನ್ನ ಊಟಕ್ಕ ಕರದ್ರ ಬೀಗರನ್ನೆಲ್ಲಾ ಕರಕೊಂಡ ಬಂದಂಗ ಆತು" ಎಂದು ಬೈಯುತ್ತಲೇ ಮತ್ತೆ ಸೈಕಲ್ ಹತ್ತಿದ. ದಾರಿಯಲ್ಲಿ ಒಂದು ಫ್ಲಾಪಿ ಮಳೆಗೆ ತೊಯ್ದು ಕೆಟ್ಟಿತು.

ಎಲ್ಲ ಬೀಗರೂ ಬಂದು ಕೂತ ಮೇಲೆ ಕೊನೆಯ ಆಜ್ಞೆಗೆ "ಪರ್ಮಿಶನ್ ಡಿನೈಡ್" ಎಂದಿತು. ಅನುಮತಿ ಇಲ್ಲ! ನನ್ನ ಮನೆ, ನನ್ನ ಕರೆಂಟು. ಆ ರವಿವಾರ ನೀನು ಫೋನ್ ಮಾಡಿದಾಗ ಅಕ್ಕನ ಕೈಲಿ ಕೇಳಿಸಿದೆ. ನೀನು "ರೂಟ್ ಆಗಬೇಕು" ಎಂದೆಯಂತೆ. ಅಕ್ಕ ನಮಗೆ ಬಂದು ಹೇಳಿದ್ದು, "ರೂಟ್ ಬ್ಯಾರೆ ಆಗೇತಂತ." ಮೌಲಾಲಿ ತಲೆ ಕೆರೆದುಕೊಂಡು, "ಬಸ್ಸಿನ ರೂಟೇನ್ರಿ? ಸೀಡಿ ಒಳಗ ಯಾವ ಬಸ್ಸು?" ಎಂದ. ಆ ವಾರವೆಲ್ಲ ಹಾಗೇ ಹೋಯಿತು. ರೂಟ್ ಎಂದರೆ ಯಂತ್ರದ ಯಜಮಾನ, ಆ ಹೆಸರಿನಿಂದ ಒಳಗೆ ಹೋದರೆ ಎಲ್ಲ ಅನುಮತಿಯೂ ಉಂಟು ಎಂದು ನಿನ್ನ ಪತ್ರ ಬಂದ ಮೇಲೆಯೇ ತಿಳಿದದ್ದು.

ನಾನೇ ಫೋನಿನಲ್ಲಿ ಕೇಳಿದ್ದರೆ ಒಂದು ನಿಮಿಷದ ಕೆಲಸ ಎಂದು ನೀನು ಅದರಲ್ಲಿ ಬರೆಯಲಿಲ್ಲ. ಬರೆಯದೇ ಇದ್ದದ್ದನ್ನೂ ಓದಿದೆ.

ಯಜಮಾನನಾಗಿ ಹೊಕ್ಕು ಗುಂಡಿ ಒತ್ತಿದ ಮೇಲೆ ಮಧ್ಯಾಹ್ನವೆಲ್ಲ ಪರದೆಯ ಮೇಲೆ ಸಾಲುಗಳು ಓಡಿದವು. ನಿಂತಾಗ ಯಾವ ತಕರಾರೂ ಇರಲಿಲ್ಲ. ಅಕ್ಕ ಎಲ್ಲರಿಗೂ ಚಹಾ ಕೊಟ್ಟಳು.

ನಿನ್ನ ಅಪ್ಪ
ಮುರುಗೆಪ್ಪ


ಬೈರಿದೇವರಕೊಪ್ಪ
೭ ಆಗಸ್ಟ್ ೨೦೦೫

ಚಿ. ಉಮಾ,

ಈ ಪತ್ರದ ಜೊತೆಗಿನ ಸೀಡಿಯನ್ನು ಜೋಪಾನ ಮಾಡು. ಅದರಲ್ಲಿ ಅರ್ಧ ಮಾರ್ಕೆಟ್ಟೇ ಇದೆ.

ನಮ್ಮ ಅಡತಿ ದಲಾಲಿ ಅಂಗಡಿಯ ಹಿಂದಿನ ಕೋಣೆಗೆ ಯಂತ್ರವನ್ನು ತಳ್ಳುಗಾಡಿಯ ಮೇಲೆ ಒಯ್ದೆವು. ಮೌಲಾಲಿಯ ಮದುವೆ ಮನೆಯ ಮೈಕನ್ನು ಸ್ಟೂಲಿಗೆ ಕಟ್ಟಿದೆವು. ನಾನು ದನಿ ಹಿಡಿಯುವ ಗುಂಡಿ ಒತ್ತಬೇಕು, ಬಂದವರು ಅನ್ನಬೇಕು. ಕೆಳಗೆ ಬಿದ್ದ ಕಾಳು ಗೂಡಿಸುವ ದುರಗವ್ವ ಮೊದಲು ಕೂತಳು. ಎರಡು ಅನ್ನು ಎಂದರೆ "ಎರಡ್ರೀ" ಎಂದಳು. ರೀ ಬೇಡವೆಂದು ಕೈ ಆಡಿಸಿದೆ. "ಗುರ್ತಿಲ್ಲದವರ ಮುಂದ ಎರಡು ಅಂತ ಬೋಳಾಗಿ ಹೆಂಗ ಅನ್ನೂದ್ರಿ? ನಿಮ್ಮ ಮಗಳು ನಾಳೆ ನನಗ ಏನಂದಾಳ?" ಎಂದಳು. ಮೈಕಿಗೂ ಮರ್ಯಾದೆ ಕೊಡುವ ಊರು ನಮ್ಮದು. ಅರ್ಧ ಮಂದಿ ರೀ ಎಂದಿದ್ದಾರೆ, ನಾನು ಬಿಟ್ಟುಬಿಟ್ಟಿದ್ದೇನೆ.

ಅಂಕಿಗಳನ್ನು ಕಲಸಿ ಕೇಳಬೇಕೆಂದು ನೀನು ಹೇಳಿದ್ದೆ. ಓದಲು ಬಾರದವರಿಗೆ ಬೆರಳು ತೋರಿಸಿದೆ. ಸೊನ್ನೆಗೆ ಮುಷ್ಟಿ ಹಿಡಿದರೆ ದುರಗವ್ವ, "ಯಾಕ್ರೀ, ಗುದ್ದವ್ರೇನು?" ಎಂದು ಹಿಂದೆ ಸರಿದಳು. ಆಮೇಲೆ ಹೇಗೋ ತಿಳಿಸಿದೆ ಬಿಡು. ಧಾನ್ಯ ಅಳೆಯುವ ಕಾಸಿಮಸಾಬ ಮಾತ್ರ ಗಂಟಲು ಕೆಮ್ಮಿ, ಟೊಪ್ಪಿಗೆ ಸರಿಮಾಡಿಕೊಂಡು, ಮದುವೆಗೆ ಒಪ್ಪಿಗೆ ಕೊಡುವವನ ಹಾಗೆ ಒಂದೊಂದನ್ನೂ ಹೇಳಿದ.

ಯಂತ್ರ ಕಲಿತ ಬಗೆ ಹೇಳಲೇ? ಮೊದಲ ದಿನ ಏನು ಕೇಳಿಸಿದರೂ ನಾಲ್ಕು ಎನ್ನುತ್ತಿತ್ತು. ನೀನೂ ಸಣ್ಣವಳಿದ್ದಾಗ ಬಣ್ಣಗಳನ್ನೆಲ್ಲ ಕೆಂಪು ಎನ್ನುತ್ತಿದ್ದೆ. ಕರೆಂಟು ಹೋದರೆ ಮತ್ತೆ ಮೊದಲಿನಿಂದ. ವಾರ ಕಳೆಯುವುದರಲ್ಲಿ, ನಾವು ಕಲಿಸದೆ ಬೇರೆ ತೆಗೆದಿಟ್ಟ ದನಿಗಳನ್ನೂ ಹೆಚ್ಚು ಕಡಿಮೆ ಎಲ್ಲ ಸರಿಯಾಗಿ ಗುರುತಿಸಿತು. ಮೌಲಾಲಿ ಅಂಗಡಿಯವರಿಗೆಲ್ಲ ಪೇಢೆ ಹಂಚಿದ.

ನಿಮ್ಮ ಗೈಡ್ ಸಾಹೇಬರಿಗೆ ತೋರಿಸು. ಐ ಹ್ಯಾವ್ ಡನ್ ಮೈ ಬೆಸ್ಟ್ ಎಂದು ಹೇಳು.

ನಿನ್ನ ಅಪ್ಪ
ಮುರುಗೆಪ್ಪ


ಮಂಗಳೂರು
೨೮ ಆಗಸ್ಟ್ ೨೦೦೫

ತೀ. ಅಪ್ಪಾಜಿಯವರಿಗೆ,

ಉಮಾ ಮಾಡುವ ನಮಸ್ಕಾರಗಳು. ಸೀಡಿ ಬಂದು ಬಹಳ ದಿನವಾಯಿತು. ಉತ್ತರ ತಡವಾದದ್ದಕ್ಕೆ ಕಾರಣವಿದೆ, ಅದನ್ನು ಹೇಗೆ ಬರೆಯುವುದೆಂದು ತಿಳಿಯದೆ ಹಾಳೆ ಹರಿದು ಹರಿದು ಹಾಕಿದ್ದೇನೆ.

ನೀವು ಕಳಿಸಿದ ದನಿಗಳನ್ನು ಹಾಕಿದರೆ ಜಾಲ ತಪ್ಪುವುದೇ ಇಲ್ಲ. ಆದರೆ ಇಲ್ಲಿಯ ನನ್ನ ಗೆಳತಿಯರು, ಅವರಲ್ಲಿ ಗದಗಿನವಳೂ ಒಬ್ಬಳಿದ್ದಾಳೆ, ಅಂಕಿ ಹೇಳಿದರೆ ಅದಕ್ಕೆ ಅರ್ಧವೂ ತಿಳಿಯುವುದಿಲ್ಲ. ಗೈಡ್ ಸರ್, "ಯಂತ್ರವನ್ನು ಬಿಡು, ಕೂತು ಆ ದನಿಗಳನ್ನು ನೀನು ಕೇಳು" ಎಂದರು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಒಂದರಿಂದ ಶುರು ಮಾಡಿದೆ.

ಕಾಸಿಮಸಾಬ ಕಾಕಾ ಒಂದು ಎನ್ನಬೇಕಾದಲ್ಲೆಲ್ಲ "ಲಾಭ" ಎಂದಿದ್ದಾರೆ! ಧಾನ್ಯ ಅಳೆಯುವಾಗ ಮೊದಲ ಅಳತೆಗೆ ಒಂದು ಎನ್ನದೆ ಲಾಭ ಎನ್ನುವುದು, ಲಾಭ, ಎರಡು, ಮೂರು ಎಂದು ಎಣಿಸುವುದು ಮಾರ್ಕೆಟ್ಟಿನ ಮಗಳಾದ ನನಗೆ ಗೊತ್ತು. ನೀವು ಅದನ್ನು ಒಂದೆಂದೇ ಇಟ್ಟಿದ್ದೀರಿ, ನಿಮಗೆ ಅದರಲ್ಲಿ ಬೇರೆಯದೇನೂ ಕೇಳಿಸಿರಲಿಕ್ಕಿಲ್ಲ. ನಾನು ಒಬ್ಬಳೇ ಕೂತು ನಕ್ಕೆ. ಆದರೆ ಜಾಲ "ಲಾಭ" ಎಂಬುದನ್ನು ಒಂದು ಎಂದು ಅಷ್ಟು ಚೆನ್ನಾಗಿ ಹೇಗೆ ಕಲಿಯಿತು? ಅಂಥವು ಇರುವುದೇ ಕೆಲವು. ಮತ್ತೆ ಕೇಳಿದೆ. ದನಿ ದೊಡ್ಡದು ಮಾಡಿ ಕೇಳಿದೆ.

ಕಾಕಾನ ದನಿಗಿಂತ ಮೊದಲು ಇನ್ನೊಂದಿದೆ. ಉಸಿರಿನಂತೆ. "ಒಂದು ಅನ್ರಿ" ಎನ್ನುತ್ತದೆ. ದುರಗವ್ವನ ಮಾತಿಗೆ ಮೊದಲೂ ಇದೆ, "ಸೊನ್ನಿ ಅನ್ನವಾ." ಎಲ್ಲದರಲ್ಲೂ ಇದೆ, ಅಪ್ಪಾಜಿ. ನೀವು ಗುಂಡಿ ಒತ್ತಿದ ಮೇಲೆ ಅವರಿಗೆ ಹೇಳಿಕೊಟ್ಟಿದ್ದೀರಿ.

ಜಾಲ ಕಲಿತದ್ದು ಅದನ್ನೇ. ಮಾತಾಡಿದವರು ಬೇರೆ ಬೇರೆ, ಎಲ್ಲದರಲ್ಲೂ ಒಂದೇ ಆಗಿದ್ದದ್ದು ನಿಮ್ಮ ದನಿ. ಪರೀಕ್ಷೆ ಮಾಡಿ ನೋಡಿದೆ. ಮುಂದಿನ ಆ ಪಿಸುಮಾತನ್ನು ಕತ್ತರಿಸಿ ಮಂದಿಯ ದನಿಯನ್ನಷ್ಟೇ ಕೊಟ್ಟರೆ ತಡವರಿಸುತ್ತದೆ. ಮಂದಿಯನ್ನು ಕತ್ತರಿಸಿ ನಿಮ್ಮದನ್ನಷ್ಟೇ ಕೊಟ್ಟರೆ ಎಲ್ಲವನ್ನೂ ಸರಿಯಾಗಿ ಹೇಳುತ್ತದೆ.

ಇದು ಪ್ರಬಂಧಕ್ಕೆ ನಡೆಯುವುದಿಲ್ಲ. ಕತ್ತರಿಸಿ ಉಳಿಸೋಣವೆಂದರೆ ಎಷ್ಟೋ ಕಡೆ ನಿಮ್ಮ ಮಾತೂ ಅವರ ಮಾತೂ ಕೂಡಿಕೊಂಡಿವೆ. ಕಲಿತದ್ದನ್ನೆಲ್ಲ ಅಳಿಸಿ, ದನಿಗಳನ್ನು ಹೊಸದಾಗಿ ಹಿಡಿದು ಮತ್ತೆ ಕಲಿಸಬೇಕು. ನಿಮಗೆ ಕಷ್ಟ, ಆದರೂ ಕೇಳುತ್ತಿದ್ದೇನೆ.

ಇನ್ನೊಂದು ಮಾತು. ನಾನು ಅದನ್ನು ಕೇಳಿದೆ. ಒಂದು ಸಲ ಅಲ್ಲ. ಎದ್ದು ಹೋಗಿ ನೀರು ಕುಡಿದು ಬಂದು ಮತ್ತೆ ಕೇಳಿದೆ. ನೀವು ಬರೆದ ಸೈಕಲ್ ಟ್ಯೂಬು ನನಗೆ ಅದರಲ್ಲಿ ಸಿಗಲಿಲ್ಲ.

ನಿಮ್ಮ
ಉಮಾ


ಬೈರಿದೇವರಕೊಪ್ಪ
೬ ಸೆಪ್ಟೆಂಬರ್ ೨೦೦೫

ಉಮಾಶ್ರೀಗೆ,

ನಿನ್ನ ಪತ್ರ ಮುಟ್ಟಿತು. ಐ ನೋಟ್ ದಿ ಕಂಟೆಂಟ್ಸ್. ದನಿಗಳನ್ನು ಹೊಸದಾಗಿ ಹಿಡಿದು ಕಳಿಸುತ್ತೇನೆ. ಹಳೆಯ ಸೀಡಿಯನ್ನು ಮುರಿದು ಹಾಕು. ಈ ವಾರ ಫೋನ್ ಮಾಡುವುದು ಬೇಡ.

ಮುರುಗೆಪ್ಪ


ಬೈರಿದೇವರಕೊಪ್ಪ
೯ ಅಕ್ಟೋಬರ್ ೨೦೦೫, ರವಿವಾರ

ಚಿ. ಉಮಾ,

ಆಶೀರ್ವಾದ. ಹೊಸ ಸೀಡಿಯನ್ನು ನಿನ್ನೆ ಕೊರಿಯರ್ ಮಾಡಿದ್ದೇನೆ. ಪ್ರಬಂಧಕ್ಕೆ ಇನ್ನೂ ವೇಳೆಯಿದೆ ಅಂದುಕೊಂಡಿದ್ದೇನೆ.

ಸಿಟ್ಟು ಬಂದಿತ್ತು. ನಿನ್ನ ಮೇಲೋ, ಯಂತ್ರದ ಮೇಲೋ, ಆ ಮೈಕಿನ ಮೇಲೋ ನನಗೇ ತಿಳಿಯಲಿಲ್ಲ. ಬಚ್ಚಲಲ್ಲಿ ಇದ್ದಾಗ ಯಾರೋ ಬಾಗಿಲು ತೆಗೆದ ಹಾಗೆ. ಊಟಕ್ಕೆ ಕೂತರೆ ಅಕ್ಕ, "ಯಾಕೋ, ರೊಟ್ಟಿ ಮ್ಯಾಲೆ ಸಿಟ್ಟ ಮಾಡಾಕತ್ತೀಯಲ್ಲಾ, ಅದೇನ್ ನಿನ್ನ ದನಿ ಕೇಳೇತೇನ?" ಎಂದಳು. ನಿನ್ನ ಪತ್ರವನ್ನು ಅವಳೂ ಓದಿದ್ದಾಳೆ ಎಂದಾಯಿತು. ಈ ಮನೆಯಲ್ಲಿ ಲೈಸೆನ್ಸ್ ಇಲ್ಲದೆಯೂ ಎಲ್ಲರದೂ ಎಲ್ಲರಿಗೂ ತೆರೆದಿದೆ.

ಮೌಲಾಲಿ ಮಗಳ ಮದುವೆಗೆ ಸವಣೂರಿಗೆ ಹೋಗಿದ್ದ. ಹಾಗಾಗಿ ಎಲ್ಲ ಅಳಿಸಿ ನಿನ್ನ ಜಾಲವನ್ನು ಈ ಸಲ ನಾನೊಬ್ಬನೇ ಕೂರಿಸಿದೆ. ಬೀಗರನ್ನು ಮೊದಲೇ ಸಾಲಾಗಿ ಕರೆದೆ, ಯಜಮಾನನಾಗಿ ಹೊಕ್ಕೆ, ಹುಬ್ಬಳ್ಳಿಯ ಕಡೆ ವಾಲಿದ ಗೆರೆ ಹೊಡೆದೆ. ಒಂದೂ ತಕರಾರಿಲ್ಲ. ನೋಡಲು ಮಾತ್ರ ಯಾರೂ ಇರಲಿಲ್ಲ.

ಮೈಕಿನ ಮುಂದೆ ಬಾಯಿ ತೆರೆಯಬಾರದೆಂದು ಗಟ್ಟಿ ಮಾಡಿಕೊಂಡು ಒಂದು ಪರಾತದಲ್ಲಿ ಉಳ್ಳಾಗಡ್ಡಿ ಇಟ್ಟೆ. ನಾಲ್ಕು ಇಟ್ಟರೆ ನಾಲ್ಕು ಅನ್ನಬೇಕು. ಚೆನ್ನಾಗಿಯೇ ನಡೆದಿತ್ತು, ಸೊನ್ನೆ ಬರುವ ತನಕ. ಬರಿದಾದ ಪರಾತವನ್ನು ದುರಗವ್ವನ ಮುಂದೆ ಹಿಡಿದೆ. ಬಗ್ಗಿ ನೋಡಿ, "ಏನೂ ಇಲ್ರಿ" ಎಂದಳು. ತಲೆ ಅಲ್ಲಾಡಿಸಿದೆ. "ಖರೇನ ಏನೂ ಇಲ್ರೀ ಅಣ್ಣಾರ!" ಎಂದಳು. ಕಾಸಿಮಸಾಬನನ್ನು ಕೂರಿಸಿದರೆ, "ಮಾಲು ಖಾಲಿ" ಎಂದ. ಸಾಲಿನಲ್ಲಿ ನಿಂತವರೆಲ್ಲ ನಗತೊಡಗಿದರು.

ಕೊನೆಗೆ ದುರಗವ್ವ ಸೊಂಟಕ್ಕೆ ಕೈ ಕೊಟ್ಟು, "ಬಾಯಿಲೆ ಅನ್ರಲ್ಲಾ. ಹ್ವಾದ ಸಲ ಛಲೋ ಹೇಳಿಕೊಡ್ತಿದ್ರಿ. ಈಗೇನ್ ಮೌನ ಹಿಡದೀರೇನು?" ಎಂದಳು.

ಹೋದ ಸಲ ನನಗೆ ಮಾತಾಡಿದ್ದರ ನೆನಪೇ ಇರಲಿಲ್ಲ, ಉಮಾ. ಕೆಲಸದ ಗದ್ದಲದಲ್ಲಿ ಬಾಯಿ ತಾನೇ ಆಡಿತ್ತು. ಈ ಸಲ ತಿಳಿದು ತಿಳಿದು ಆಡಬೇಕಾಯಿತು. ಗುಂಡಿಯಿಂದ ಕೈ ತೆಗೆದೆ, ಮೈಕಿನ ಕಡೆ ಬೆನ್ನು ಮಾಡಿದೆ, ಅವಳ ಮುಖ ನೋಡಿಕೊಂಡು "ಸೊನ್ನಿ" ಎಂದೆ. ತಿರುಗಿ ಗುಂಡಿ ಒತ್ತಿದೆ. ಅವಳು "ಸೊನ್ನೀರಿ" ಎಂದಳು. ಹಾಗೆಯೇ ಉಳಿದದ್ದೆಲ್ಲ ಮುಗಿಸಿದೆವು. ಮೊದಲು ಮಾತು, ಆಮೇಲೆ ಗುಂಡಿ. ಕಾಸಿಮಸಾಬನಿಗೆ ಒಂದು ಅನ್ನಿಸುವುದು ಬಲು ಕಷ್ಟವಾಯಿತು. "ಲಾಭ ಅನ್ನೂ ಬರಕತ್ತಿನ ಮಾತು ಬಿಟ್ಟ ಒಂಟಿ ಮಾತ ಯಾಕ ಆಡಸ್ತೀರಿ?" ಎಂದು ಮುಖ ಸಣ್ಣ ಮಾಡಿದ. ಲಾಭ ಎಂದದ್ದನ್ನೂ ಬೇರೆ ಹೆಸರಿನಿಂದ ಇಟ್ಟಿದ್ದೇನೆ. ನಿಮ್ಮ ಸರ್‌ಗೆ ಬೇಡವಾದರೆ ನೀನು ಇಟ್ಟುಕೋ.

ಎಲ್ಲರೂ ಹೋದ ಮೇಲೆ ದುರಗವ್ವ ಕಸ ಗೂಡಿಸುತ್ತಿದ್ದಳು. ಕೇಳಬಾರದೆಂದಿದ್ದವನು ಕೇಳಿಯೇಬಿಟ್ಟೆ, "ದುರಗವ್ವಾ, ನನ್ನ ಮಾತು ನಿನಗ ತಿಳೀತೈತೇನ?"

"ತಿಳೀದ ಏನ್ರಿ?" ಎಂದು ಪೊರಕೆ ನಿಲ್ಲಿಸಿದಳು. "ಹಿಂದ ನೀವು ಒದರತಿದ್ರೆಲ್ಲಾ, ಆವಾಗ ತಿಳೀತಿದ್ದಿಲ್ರಿ. ಬರೇ ಗದ್ಲ. ಯಾವ ಚೀಲ, ಏನ್ ಧಾರಣಿ, ಏನೂ ಗೊತ್ತಾಗ್ತಿದ್ದಿಲ್ಲ. ಈಗ ನೋಡ್ರಿ, ಮಂದಿ ನಿಮ್ಮ ಹತ್ರ ಬಂದು ನಿಂತು ಕೇಳ್ತಾರ."

ನಾನು ಮೆಚ್ಚಿಕೊಂಡಿದ್ದ ಆ ದನಿ ಅವಳಿಗೆ ಗದ್ದಲ. ಇಷ್ಟು ವರ್ಷ ಒಬ್ಬರೂ ಹೇಳಲಿಲ್ಲ. ನಾನು ಕೂಗುವಾಗ ಹೇಳಿದ್ದರೂ ನನಗೆ ಎಲ್ಲಿ ಕೇಳಬೇಕು?

ಯಂತ್ರ ಈಗ ಹೊಸದಾಗಿ ಕಲಿಯುತ್ತಿದೆ. ಮೊದಲಿನಷ್ಟು ಜಾಣನಲ್ಲ. ಹತ್ತರಲ್ಲಿ ಎರಡು ಮೂರು ತಪ್ಪುತ್ತದೆ, ಏಳಕ್ಕೂ ಎಂಟಕ್ಕೂ ಜಗಳ ಹಚ್ಚುತ್ತದೆ. ಆದರೆ ಅದು ತಪ್ಪಿದರೂ ಮಂದಿಯನ್ನು ಕೇಳಿಯೇ ತಪ್ಪುತ್ತದೆ. ನಿನ್ನೆ ಸಂಜೆ ಸುಮ್ಮನೆ ನಾನೇ ಮೈಕಿನ ಮುಂದೆ ಕೂತು ಐದು ಎಂದೆ. ಸೊನ್ನೆ ಎಂದಿತು. ಮತ್ತೆ ಐದು ಎಂದೆ. ಮೂರು ಎಂದಿತು. ನನ್ನನ್ನು ಪೂರಾ ಮರೆತಿದೆ. ನೀನು ಹೇಳಿದಂತೆಯೇ ಮಾಡಿದ್ದೇನೆ, ಮರೆಯಬೇಕಾದದ್ದೇ. ಆದರೂ ಈ ಸೀಮೆಯಲ್ಲಿ ನನ್ನ ದನಿಯನ್ನು ಒಂದೂ ತಪ್ಪದೆ ತಿಳಿದುಕೊಂಡದ್ದು ಅದೊಂದೇ ಆಗಿತ್ತು. ಈಗ ಆ ಜಾಗ ಖಾಲಿ ಬಿದ್ದಿದೆ.

ಅಕ್ಕ ಮಠಕ್ಕೆ ಹೋಗಿದ್ದಾಳೆ. ಇವತ್ತು ಅವಳು ಬರುವ ದಾರಿ ಕಾಯುವುದಿಲ್ಲ, ನೀನು ಫೋನ್ ಮಾಡುವುದನ್ನೂ ಕಾಯುವುದಿಲ್ಲ. ಈ ಹಾಳೆ ಮಡಚಿಟ್ಟು ನಾನೇ ನಿನ್ನ ಹಾಸ್ಟೆಲ್ಲಿಗೆ ಫೋನ್ ಹಚ್ಚುತ್ತೇನೆ. ಎತ್ತಿದವರು ಯಾರೇ ಇರಲಿ, ಉಮಾಶ್ರೀಯನ್ನು ಕರೆಯಿರಿ ಎಂದು ನಾನೇ ಹೇಳುತ್ತೇನೆ. ಅವರಿಗೆ ತಿಳಿಯದಿದ್ದರೆ ಮತ್ತೊಮ್ಮೆ ಹೇಳುತ್ತೇನೆ.

ಹೀಗಾಗಿ ಈ ಪತ್ರ ನಿನ್ನ ಕೈ ಮುಟ್ಟುವ ಹೊತ್ತಿಗೆ ಹಳೆಯದಾಗಿರುತ್ತದೆ. ಇದರಲ್ಲಿ ಇರುವುದನ್ನೆಲ್ಲ ನಾನು ಬಾಯಿಂದ ಹೇಳಿಯಾಗಿರುತ್ತದೆ. ಆದರೂ ಹಾಕುತ್ತೇನೆ. ಎಲ್ಲಿ ನಿನಗೆ ನನ್ನ ಮಾತು ತಿಳಿಯಲಿಲ್ಲವೋ, ಅಲ್ಲಿಗಷ್ಟೇ ಇದನ್ನು ನೋಡಿಕೋ.

ನಿನ್ನ ಅಪ್ಪ
ಮುರುಗೆಪ್ಪ